ದುರ್ಬಲರಿಲ್ಲದ ಕೋಣೆ

ಬೀಗ ತೆಗೆಯಲೆಂದು ಅಕ್ಕ ಕೈಚೀಲದಲ್ಲಿ ಕೀಲಿಗಾಗಿ ತಡಕಾಡುತ್ತಿದ್ದರು. ಬಾಗಿಲು ಆಗಲೇ ತೆರೆದಿರುವುದು ಆಮೇಲೆ ಕಣ್ಣಿಗೆ ಬಿತ್ತು. ಒಳಗೆ ವಿಶ್ವವಿದ್ಯಾಲಯದ ಉಗ್ರಾಣದಿಂದ ಬಂದ ಇಬ್ಬರು ನೆಲದ ಮೇಲೆ ಅಳತೆ ಟೇಪು ಎಳೆಯುತ್ತಿದ್ದರು. ಒಬ್ಬ ಮೂಲೆಯಲ್ಲಿ ಮೊಣಕಾಲೂರಿ ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿದಿದ್ದ. ಇನ್ನೊಬ್ಬ ಅಡ್ಡ ಬಂದ ಮೇಜನ್ನು ಸೊಂಟದಿಂದಲೇ ಪಕ್ಕಕ್ಕೆ ತಳ್ಳಿ, ಅಳತೆಯನ್ನು ಅಂಗೈ ಮೇಲೆ ಬರೆದುಕೊಂಡ.

ಏನು ನಡೆಯುತ್ತಿದೆ ಎಂದು ಅಕ್ಕ ಕೇಳಿದರು.

“ಇದು ರೀಡಿಂಗ್ ರೂಮ್ ತಾನೇ ಮೇಡಂ? ಒಂದನೇ ತಾರೀಕಿಂದ ಜೆರಾಕ್ಸ್ ಮಷೀನೆಲ್ಲ ಇಲ್ಲಿಗೆ ಬರುತ್ತೆ,” ಎಂದ ಅಂಗೈಯವನು. ಆಮೇಲೆ ಮರ್ಯಾದೆಗೆಂಬಂತೆ ಸೇರಿಸಿದ: “ಓದೋಕೆ ಬಂದ್ರಾ? ಐದು ನಿಮಿಷ ಕೂತಿರಿ, ಮುಗಿಸಿಬಿಡ್ತೀವಿ.”

ವಿದ್ಯಾರ್ಥಿಗಳೆಲ್ಲ ಅಕ್ಕ ಎಂದೇ ಕರೆಯುವ ಅವರು ಆ ಕೋಣೆಯಲ್ಲಿ ಕೆಲಸಕ್ಕೆ ಸೇರಿ ಹದಿನೆಂಟು ವರ್ಷವಾಗಿತ್ತು. ಅವರು ಹೊರಗಿನ ಬೆಂಚಿನ ಮೇಲೆ ಹೋಗಿ ಐದು ನಿಮಿಷ ಕೂತರು.

ಗ್ರಂಥಾಲಯದ ಮೆಟ್ಟಿಲ ಕೆಳಗೆ, ಸೈಕಲ್ ಸ್ಟ್ಯಾಂಡಿನ ಕಡೆಗೆ ಮುಖಮಾಡಿದ ಕೋಣೆ ಅದು. ಚಾವಣಿ ಒಂದು ಬದಿಗೆ ಇಳಿಜಾರು. ಎತ್ತರದವರು ಎದ್ದು ನಿಲ್ಲುವಾಗ ತಲೆಗೆ ಪೆಟ್ಟು ಬೀಳದ ದಿನವಿಲ್ಲ. ಕುರ್ಚಿಗಳು ಬೇರೆ ಬೇರೆ ವಿಭಾಗಗಳಿಂದ ತಳ್ಳಿಸಿಕೊಂಡು ಬಂದವು, ಒಂದರಂತೆ ಇನ್ನೊಂದಿಲ್ಲ. ಕಿಟಕಿಯ ಹಲಗೆಯ ಮೇಲೆ ನೀರು ಕಾಯಿಸುವ ಕೆಟಲು, ಅದರ ಪಕ್ಕ ಹಿಡಿ ಮುರಿದ ಕಪ್ಪುಗಳು. ಬಾಗಿಲ ಮೇಲೆ ಕೈಬರಹದ ಬೋರ್ಡು: ‘ಓದುವ ಕೋಣೆ’.

ಆ ಬೋರ್ಡು ಮೊದಲಿನದಲ್ಲ. ಓದಿನಲ್ಲಿ ಹಿಂದೆ ಬೀಳುವ ವಿದ್ಯಾರ್ಥಿಗಳಿಗೆ ತರಗತಿಯ ಆಚೆಗೂ ನೆರವು ಸಿಗಲಿ ಎಂದು ಸರ್ಕಾರ ವಿಶ್ವವಿದ್ಯಾಲಯಗಳಿಗೆ ಅನುದಾನ ಕೊಡತೊಡಗಿದಾಗ ಹುಟ್ಟಿದ ಕೋಣೆ ಅದು. ಆಗ ಅಲ್ಲಿ ಮೂವರಿದ್ದರು: ಲೆಕ್ಕ ಹೇಳಿಕೊಡುವವರು ಒಬ್ಬರು, ಕಣ್ಣು ಕಾಣದವರಿಗೆ ಪಠ್ಯ ಓದಿ ಹೇಳುವವರು ಒಬ್ಬರು, ಉತ್ತರ ಬರೆಯುವುದನ್ನು ಕಲಿಸಲು ಅಕ್ಕ. ಒಬ್ಬರು ನಿವೃತ್ತರಾದರು, ಇನ್ನೊಬ್ಬರು ಬೇರೆ ಕೆಲಸ ಹಿಡಿದರು. ಆ ಜಾಗಗಳಿಗೆ ಯಾರೂ ಬರಲಿಲ್ಲ; ಮೂರೂ ಕೆಲಸ ಅಕ್ಕನ ತಲೆಗೆ ಬಂತು.

ಮೊದಲು ಬಾಗಿಲ ಮೇಲಿದ್ದದ್ದು ನೀಲಿ ತಗಡು. ಅದರ ಮೇಲೆ ಬಿಳಿ ಅಕ್ಷರಗಳಲ್ಲಿ ‘ದುರ್ಬಲ ವಿದ್ಯಾರ್ಥಿಗಳ ನೆರವು ಕೇಂದ್ರ’ ಎಂದು ಬರೆದಿತ್ತು. ಸರ್ಕಾರದ ಆದೇಶದಲ್ಲಿದ್ದ ಹೆಸರೇ ಅದು. ಮೊದಲ ವರ್ಷವಿಡೀ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ವಿದ್ಯಾರ್ಥಿಗಳು ಬಾಗಿಲವರೆಗೆ ಬರುತ್ತಿದ್ದರು, ಪಕ್ಕದ ಗೋಡೆಯ ಸೂಚನಾಫಲಕವನ್ನು ಓದುವವರಂತೆ ನಿಲ್ಲುತ್ತಿದ್ದರು, ಹಿಂದೆ ಮುಂದೆ ನೋಡಿ ಜಾರಿಕೊಳ್ಳುತ್ತಿದ್ದರು. ಸೈಕಲ್ ಸ್ಟ್ಯಾಂಡಿನಲ್ಲಿ ಅಡ್ಡಾಡುವ ಹುಡುಗರಿಗೆ ಅದೊಂದು ಮೋಜು. ಯಾರಾದರೂ ಆ ಕಡೆ ಕಾಲಿಟ್ಟರೆ, “ಏನೋ ದುರ್ಬಲ, ಟಾನಿಕ್ ಕುಡಿಯೋಕೆ ಹೊರಟ್ಯಾ?” ಎಂದು ಕೂಗುತ್ತಿದ್ದರು. ಕಂಬದಂತೆ ಉದ್ದವಿದ್ದ ಒಬ್ಬ ವಿದ್ಯಾರ್ಥಿ ಕಿಟಕಿಯ ಹೊರಗೇ ನಿಂತು ಕೋಣೆಗೆ ಫೋನ್ ಮಾಡಿ, ತನ್ನ ಸಂದೇಹವನ್ನು ಫೋನಿನಲ್ಲೇ ಬಗೆಹರಿಸಬಹುದೇ ಎಂದು ಕೇಳಿದ್ದ. ಅವನ ಮಾತು ಫೋನಿಗಿಂತ ಮೊದಲು ಕಿಟಕಿಯಿಂದ ಕೇಳುತ್ತಿತ್ತು.

ಅವತ್ತೇ ಅಕ್ಕ ಹಣಕಾಸು ಶಾಖೆಯ ಗುಮಾಸ್ತರ ಬಳಿ ಹೋಗಿ ಗೋಳು ತೋಡಿಕೊಂಡಿದ್ದರು. ಗುಮಾಸ್ತರನ್ನು ಎಲ್ಲರೂ ಕರೆಯುತ್ತಿದ್ದದ್ದು ಕಾಲಂ ಸಾಹೇಬರು ಎಂದು. ಯಾರು ಏನೇ ಕೇಳಿದರೂ ಅವರ ಮೊದಲ ಮಾತು “ಅದು ಯಾವ ಕಾಲಂಗೆ ಬರುತ್ತೆ?” ಎಂಬುದು, ಮಗಳ ಮದುವೆ ಗೊತ್ತಾದಾಗಲೂ ಹೀಗೇ ಕೇಳಿದರೆಂದು ಕಚೇರಿಯಲ್ಲಿ ಆಡಿಕೊಳ್ಳುತ್ತಿದ್ದರು. ಆ ದಿನ ಮಾತ್ರ ಅವರು ಕಾಲಂ ಕೇಳಲಿಲ್ಲ. ತಗಡಿನ ಹೆಸರು ಅಷ್ಟು ಚುಚ್ಚುವುದಾದರೆ ಬೇರೆ ಬೋರ್ಡು ಬರೆಸಿ ಹಾಕಿ, ಬೋರ್ಡಿಗೆ ಯಾರ ಅಪ್ಪಣೆಯೂ ಬೇಕಿಲ್ಲ ಎಂದಿದ್ದರು. ಅಕ್ಕ ಬರೆಸಲಿಲ್ಲ, ತಾವೇ ಬರೆದರು. ತಿಂಗಳೊಳಗೆ ಕುರ್ಚಿ ಸಾಲದಾದವು.

ಅಲ್ಲಿಂದ ಮುಂದೆ ಆ ಕೋಣೆಯಲ್ಲಿ ಎರಡು ಕಟ್ಟುಪಾಡುಗಳಿದ್ದವು. ‘ದುರ್ಬಲ’ ಎಂಬ ಪದ ಯಾರ ಬಾಯಿಂದಲೂ ಬರುವಂತಿಲ್ಲ, ತಮಾಷೆಗೂ. ಬಂದರೆ ಎಲ್ಲರ ಕಪ್ಪು ತೊಳೆಯಬೇಕು. ಎರಡನೆಯದು ಅಕ್ಕನ ಪಾಠದ ತಳಹದಿ: ಪ್ರಶ್ನೆಯ ಕೊನೆಯ ಪದಕ್ಕೆ ಗೆರೆ ಎಳೆಯದೆ ಉತ್ತರ ಶುರುಮಾಡಬಾರದು. ‘ವಿವರಿಸಿ’ ಎಂದಿದೆಯೋ, ‘ಹೋಲಿಸಿ’ ಎಂದಿದೆಯೋ, ‘ಸಮರ್ಥಿಸಿ’ ಎಂದಿದೆಯೋ? ಹೋಲಿಸಿ ಎಂದಲ್ಲಿ ವಿವರಿಸಿದವರು ಹತ್ತು ಪುಟ ಬರೆದರೂ ಮುಳುಗುತ್ತಾರೆ. ಕೇಳಿದ್ದಕ್ಕೆ ಉತ್ತರ ಕೊಡಿ, ಕೇಳಿದಷ್ಟಕ್ಕೇ ಕೊಡಿ. ಅಕ್ಕ ಇದನ್ನು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದರೆಂದರೆ, ವಿದ್ಯಾರ್ಥಿಗಳು ಅವರ ದನಿಯನ್ನೇ ಅನುಕರಿಸಿ ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದರು.

ಉಗ್ರಾಣದವರು ಹೋದ ಮೇಲೆ ಅಕ್ಕ ಕೋಣೆಗೆ ಕಾಲಿಡದೆ ನೇರ ಹಣಕಾಸು ಶಾಖೆಗೆ ನಡೆದರು.

ಕಾಲಂ ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ನೆರವು ಸೇವೆಗಳ ಅನುದಾನ ನಿಂತಿಲ್ಲ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಸರ್ಕಾರ ಮುಂದಿನ ಅವಧಿಗೂ ಕೊಡುತ್ತದೆ. ಆದರೆ ಕಂಪ್ಯೂಟರಿಗೆ ಲೆಕ್ಕ ಏರಿಸಿದಾಗ ‘ಓದುವ ಕೋಣೆ’ ಗ್ರಂಥಾಲಯದ ಅಡಿಗೆ ಹೋಯಿತು. ಗ್ರಂಥಾಲಯದ ಅನುದಾನ ಪುಸ್ತಕಕ್ಕೆ, ಕುರ್ಚಿಗೆ; ಕಲಿಸುವವರಿಗಲ್ಲ. ಇಷ್ಟು ದಿನ ಹಳೆಯ ಉಳಿಕೆಯಲ್ಲಿ ಅಕ್ಕನ ಸಂಬಳ ನಡೆಯಿತು. ತಿಂಗಳ ಕೊನೆಗೆ ಅದೂ ಬರಿದು.

“ಹೆಸರು ಬದಲಾಯಿಸಿ ಅಂದೋರು ನೀವೇ ಅಲ್ವಾ?” ಎಂದರು ಅಕ್ಕ.

“ಬೋರ್ಡ್ ಬದಲಾಯಿಸಿ ಅಂದೆ.”

“ಬೋರ್ಡೇ ಬದಲಾಯಿಸಿದ್ದು ನಾನು. ಕಾಗದದಲ್ಲಿ ಬದಲಾಯಿಸಿದ್ದು ಯಾರು?”

ಸಾಹೇಬರು ಕನ್ನಡಕವನ್ನು ಮೇಜಿನ ಗಾಜಿನ ಮೇಲಿಟ್ಟರು. “ಕಂಪ್ಯೂಟರಿಗೆ ಏರಿಸೋವಾಗ ಪ್ರತಿ ಕೋಣೆಗೂ ಹೋಗಿ ಹೆಸರು ಬರ್ಕೊಂಡು ಬನ್ನಿ ಅಂದ್ರು. ನಾನೇ ಬಂದಿದ್ದೆ. ನೀವು ಪಾಠ ಮಾಡ್ತಿದ್ರಿ, ತೊಂದರೆ ಕೊಡೋದು ಬೇಡ ಅಂತ ಬೋರ್ಡ್ ನೋಡ್ಕೊಂಡು ವಾಪಸ್ ಬಂದೆ.”

ಅವರ ದನಿಯಲ್ಲಿ ಕಪಟವಿರಲಿಲ್ಲ. ಅಕ್ಕನಿಗೆ ಬೈಯಲು ಒಬ್ಬ ಮನುಷ್ಯನೂ ಸಿಗದಂತಾಯಿತು.

ಒಂದು ದಾರಿ ಉಳಿದಿತ್ತು. ಶುಕ್ರವಾರ ಅನುದಾನ ಸಮಿತಿ ಕೂಡುತ್ತದೆ. ನೆರವು ಪಡೆದ ವಿದ್ಯಾರ್ಥಿ ಒಬ್ಬರಾದರೂ ಸಮಿತಿಯ ಎದುರು ನಿಂತು, ಹೌದು, ನಾನು ದುರ್ಬಲ ವಿದ್ಯಾರ್ಥಿ, ಈ ಕೋಣೆಯಲ್ಲಿ ನನಗೆ ನೆರವು ಸಿಕ್ಕಿದೆ ಎಂದು ಹೇಳಿದರೆ, ಕೋಣೆಯನ್ನು ಹಳೆಯ ಕಾಲಂಗೆ ತರಬಹುದು. ಆದೇಶದಲ್ಲಿರುವುದು ಆ ಪದವೇ ಆದ್ದರಿಂದ ಬೇರೆ ಪದ ನಡೆಯುವುದಿಲ್ಲ. “ಇಷ್ಟು ಜನ ಬಂದು ಹೋಗಿದ್ದಾರೆ. ಒಬ್ರು ಸಿಗಲ್ವಾ?” ಎಂದರು ಸಾಹೇಬರು.

ಅಕ್ಕನ ಗಂಡ ಡ್ರೈವಿಂಗ್ ಕಲಿಸುವವರು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಹೆಂಡತಿ ಸೋಫಾದ ಮೇಲೆ ಚಪ್ಪಲಿಯನ್ನೂ ಬಿಡದೆ ಕೂತಿರುವುದು ಕಂಡಿತು. ಎಲ್ಲ ಕೇಳಿಸಿಕೊಂಡರು, ಬಟ್ಟಲಿಗೆ ಸಾರು ಬಡಿಸಿಕೊಂಡರು.

“ನನ್ನ ಕಾರಿನ ತಲೆ ಮೇಲೆ ಇಷ್ಟು ದಪ್ಪ ಕೆಂಪು ಅಕ್ಷರದಲ್ಲಿ ‘ಕಲಿಯುವವರು’ ಅಂತ ಬರೆದಿದೆ ಕಣೇ. ಊರೆಲ್ಲ ಸುತ್ತುತ್ತಾರೆ, ಹಿಂದಿನೋರು ಹಾರ್ನ್ ಹೊಡೀತಾರೆ, ಯಾರಿಗೂ ನಾಚಿಕೆ ಇಲ್ಲ. ನಿನ್ನೋರಿಗೆ ಮಾತ್ರ ಏನು ದೊಡ್ಡಸ್ತಿಕೆ?”

“ಕಲಿಯುವವರು ಅಂತ ಬರೆದಿದ್ರೆ ನಾನ್ಯಾಕ್ರೀ ಬೋರ್ಡ್ ತೆಗೀತಿದ್ದೆ?” ಎಂದರು ಅಕ್ಕ.

ಗಂಡ ಎದ್ದು ಅಡುಗೆಮನೆಗೆ ಹೋದರು. ನೀನೂ ಸ್ವಲ್ಪ ತಿನ್ನು ಎಂದಷ್ಟೇ ಹೇಳಿ ಇನ್ನೊಂದು ಬಟ್ಟಲು ತಂದಿಟ್ಟರು.

ಆ ದಿನ ಮತ್ತು ಮರುದಿನ ಅಕ್ಕ ಫೋನ್ ಹಿಡಿದು ಕೂತರು. ಹಳೆಯ ವಿದ್ಯಾರ್ಥಿಗಳ ಊರು, ಕೆಲಸ, ಮಕ್ಕಳ ಸಂಖ್ಯೆ ಎಲ್ಲ ಅವರಿಗೆ ಬಾಯಿಪಾಠ. ಎಲ್ಲರೂ ಪ್ರೀತಿಯಿಂದಲೇ ಮಾತಾಡಿದರು. ವಕೀಲೆಯಾಗಿದ್ದವಳು ಕೋಣೆ ಮುಚ್ಚುವುದು ಮಹಾ ಅನ್ಯಾಯ ಎಂದಳು. ಶುಕ್ರವಾರ ಬರುತ್ತೀಯಾ ಎಂದು ಕೇಳಿದಾಗ ಕಕ್ಷಿದಾರರ ಕಣ್ಣಿಗೆ ಬಿದ್ದರೆ ಚೆನ್ನಾಗಿರುವುದಿಲ್ಲ ಎಂದಳು. ಬ್ಯಾಂಕಿನಲ್ಲಿರುವವನು ರಜೆ ಸಿಗುವುದಿಲ್ಲ ಎಂದ. ಮತ್ತೊಬ್ಬಳಿಗೆ ಗಂಡನ ಮನೆಯವರಿಗೆ ತಾನು ಎರಡು ಸಲ ಫೇಲಾದದ್ದೇ ಗೊತ್ತಿಲ್ಲ. ಅದನ್ನು ಹೇಳುವಾಗ ಅವಳ ದನಿ ಪಿಸುಮಾತಿಗೆ ಇಳಿದಿತ್ತು. ಅಕ್ಕ ಯಾರನ್ನೂ ಒತ್ತಾಯಿಸಲಿಲ್ಲ. ಒಬ್ಬೊಬ್ಬರಿಗೂ ಆಗಲಿ ಬಿಡು ಎಂದು ಫೋನ್ ಇಟ್ಟು, ಮುಂದಿನ ನಂಬರು ಒತ್ತಿದರು.

ಹಳಬರಲ್ಲಿ ಕೊನೆಗೆ ಉಳಿದವನು ಕಿಟಕಿಯ ಹೊರಗೆ ನಿಂತು ಫೋನ್ ಮಾಡಿದ್ದ ಆ ಕಂಬದಂಥ ಹುಡುಗ. ಈಗ ಕಾಲೇಜೊಂದರಲ್ಲಿ ಉಪನ್ಯಾಸಕ. ಅವನ ಮೇಲೆ ಅಕ್ಕನಿಗೆ ಬೇರೆಯದೇ ಭರವಸೆ. ಎರಡು ವರ್ಷ ದಿನವೂ ಬಂದವನು, ಚಾವಣಿಗೆ ತಲೆ ಬಡಿಸಿಕೊಂಡೇ ಪಾಸಾದೆ ಎಂದು ನಗುತ್ತಿದ್ದವನು. ಅವನು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡ. ಆಮೇಲೆ, ನಿಜಕ್ಕೂ ಗೊಂದಲಕ್ಕೆ ಬಿದ್ದವನಂತೆ ಕೇಳಿದ:

“ಆದ್ರೆ ಅಕ್ಕಾ, ನಾನು ಅಲ್ಲಿಗೆ ಓದೋಕೆ ಬರ್ತಿದ್ದೆ ಅಷ್ಟೇ ಅಲ್ವಾ?”

ಅಕ್ಕನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಅವನು ಸುಳ್ಳು ಹೇಳುತ್ತಿಲ್ಲ ಎಂದು ಹೊಳೆಯಿತು. ಹಾಗೆ ಅನ್ನಿಸಲಿ ಎಂದೇ ತಾವು ಬೋರ್ಡು ಬರೆದದ್ದು. ಅನ್ನಿಸಿತ್ತು.

ಈಗ ಕೋಣೆಗೆ ಬರುತ್ತಿದ್ದವರಲ್ಲಿ ಕೇಳಬಹುದಾದವಳು ಸಿಸ್ಟರ್ ಒಬ್ಬಳೇ.

ಸಿಸ್ಟರ್ ಸರ್ಕಾರಿ ಆಸ್ಪತ್ರೆಯ ದಾದಿ. ಕೋಣೆಯಲ್ಲಿಯೂ ಎಲ್ಲರಿಗೂ ಸಿಸ್ಟರ್. ಕೆಲಸದ ಜೊತೆಗೇ ಪದವಿಗೆ ಕಟ್ಟಿದ್ದಳು. ಉಳಿದೆಲ್ಲ ವಿಷಯ ಮುಗಿದು, ಸಂಶೋಧನಾ ವಿಧಾನ ಎಂಬ ಒಂದು ಪತ್ರಿಕೆಯಲ್ಲಿ ಎರಡು ಸಲ ಮುಗ್ಗರಿಸಿದ್ದಳು. ಮೂರು ಸಲಕ್ಕಿಂತ ಹೆಚ್ಚು ಕೂರಲು ವಿಶ್ವವಿದ್ಯಾಲಯ ಬಿಡುವುದಿಲ್ಲ. ಈ ಸಲವೂ ಹೋದರೆ ಪಾಸಾದ ಪತ್ರಿಕೆಗಳೂ ಅದರ ಜೊತೆಗೇ ಹೋಗುತ್ತವೆ. ಪರೀಕ್ಷೆ ಮುಂದಿನ ತಿಂಗಳು.

ಅವಳಿಗೆ ವಿಷಯ ಬರುವುದಿಲ್ಲ ಎಂದಲ್ಲ. ವಾರ್ಡಿನ ಅಭ್ಯಾಸವೇ ಅವಳ ಕಾಲು ಹಿಡಿದೆಳೆಯುತ್ತಿತ್ತು. ರೌಂಡ್ಸಿಗೆ ಬಂದ ಡಾಕ್ಟರು ಜ್ವರ ಎಷ್ಟಿದೆ ಎಂದು ಕೇಳಿದರೆ, ಒಳ್ಳೆಯ ದಾದಿ ಜ್ವರದ ಜೊತೆಗೆ ನಿದ್ದೆ, ಊಟ, ಮೂತ್ರ, ರೋಗಿಯ ಮಗನ ಜಗಳ ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಾಳೆ. ಒಂದು ಕೇಳಿದರೆ ನಾಲ್ಕು ಹೇಳದಿದ್ದರೆ ಅಲ್ಲಿ ಜೀವ ಹೋಗಬಹುದು. ಉತ್ತರಪತ್ರಿಕೆಯಲ್ಲಿ ನಾಲ್ಕು ಹೇಳಿದರೆ ಕೇಳಿದ ಒಂದು ಎಲ್ಲಿದೆ ಎಂದು ಪರೀಕ್ಷಕರಿಗೆ ಸಿಗುವುದೇ ಇಲ್ಲ. ಅಕ್ಕ ಒಂದು ವರ್ಷದಿಂದ ಮಾಡುತ್ತಿದ್ದದ್ದು ಆ ಮೂರನ್ನು ಕತ್ತರಿಸುವ ಕೆಲಸ. ಸಿಸ್ಟರ್ ಉತ್ತರ ಓದುತ್ತಿದ್ದಳು, ಅಕ್ಕ ಮಧ್ಯೆ ಕೈಯೆತ್ತಿ “ಇದನ್ನ ಯಾರು ಕೇಳಿದ್ರು?” ಎನ್ನುತ್ತಿದ್ದರು. ಇತ್ತೀಚೆಗೆ ಕೈಯೆತ್ತುವುದು ಅಪರೂಪವಾಗಿತ್ತು. ಇನ್ನು ಸ್ವಲ್ಪ ತಿದ್ದಿದರೆ ದಡ ಸೇರುತ್ತಾಳೆ. ಅರ್ಧಕ್ಕೆ ಬಿಟ್ಟರೆ ಪರೀಕ್ಷೆಯ ಗಾಬರಿಯಲ್ಲಿ ಮತ್ತೆ ವಾರ್ಡಿನ ಹುಡುಗಿಯೇ ಆಗುತ್ತಾಳೆ. ಅಕ್ಕನಿಗೆ ಇದು ಅಂಗೈ ಗೆರೆಯಷ್ಟು ಸ್ಪಷ್ಟವಿತ್ತು.

ಸಮಿತಿಯ ಎದುರು ಬಂದು ಮಾತಾಡಬೇಕು ಎಂದಾಗ ಸಿಸ್ಟರ್ ಹಿಂದೆ ಮುಂದೆ ನೋಡಲಿಲ್ಲ. ಡ್ಯೂಟಿ ಬದಲಾಯಿಸಿಕೊಂಡು ಶುಕ್ರವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲೇ ಬಂದಳು.

ಸಮಿತಿಯ ಕೊಠಡಿಯ ಹೊರಗೆ ಇಬ್ಬರೂ ಬೆಂಚಿನ ಮೇಲೆ ಕೂತರು. ಅಲ್ಲಿ ಅಕ್ಕ ಹೇಳಬೇಕಾದದ್ದು ಒಂದೇ ಮಾತು: ನೀನು ದುರ್ಬಲ ವಿದ್ಯಾರ್ಥಿನಿಯಾ ಎಂದು ಕೇಳುತ್ತಾರೆ, ಹೌದು ಅನ್ನು. ಬಸ್ಸಿನಲ್ಲಿ ಬರುವಾಗ ಅದನ್ನು ನಾಲ್ಕಾರು ರೀತಿಯಲ್ಲಿ ಜೋಡಿಸಿಕೊಂಡಿದ್ದರು. ಸಿಸ್ಟರ್ ಟೋಪಿಯ ಪಿನ್ನು ಸರಿಮಾಡಿಕೊಳ್ಳುತ್ತಿದ್ದಳು. ರಾತ್ರಿಯಿಡೀ ಸಾಯುವವರ ಕೈ ಹಿಡಿದು ಅಭ್ಯಾಸವಾದ ಕೈಗಳು ಅವು. ಅಕ್ಕ ಕೈಚೀಲದ ಜಿಪ್ಪು ತೆಗೆದರು, ಮತ್ತೆ ಹಾಕಿದರು.

“ಏನು ಹೇಳ್ಬೇಕು ಅಕ್ಕಾ?” ಎಂದು ಸಿಸ್ಟರ್ ತಾನಾಗೇ ಕೇಳಿದಳು.

“ಕೇಳಿದ್ದಕ್ಕೆ ಉತ್ತರ ಹೇಳು, ಸಾಕು,” ಎಂದರು ಅಕ್ಕ.

ಒಳಗಿಂದ ಕರೆ ಬಂತು.

ಉದ್ದನೆಯ ಮೇಜು, ನೀರಿನ ಬಾಟಲಿಗಳು, ನಡುವೆ ಅಧ್ಯಕ್ಷರು. ಒರಟರೇನಲ್ಲ, ಮಧ್ಯಾಹ್ನದೊಳಗೆ ಮುಗಿಸಬೇಕಾದ ವಿಷಯಗಳು ಬೆಟ್ಟದಷ್ಟಿದ್ದವು. ಕಾಲಂ ಸಾಹೇಬರು ತುದಿಯಲ್ಲಿ ಬರೆದುಕೊಳ್ಳಲು ಕೂತಿದ್ದರು. ಅಧ್ಯಕ್ಷರು ಆದೇಶದ ಸಾಲನ್ನು ಬೆರಳಿಟ್ಟು ಓದಿ, ತಲೆ ಎತ್ತಿದರು.

“ನೀವು ದುರ್ಬಲ ವಿದ್ಯಾರ್ಥಿನಿಯಾ ಅಮ್ಮ?”

ಸಿಸ್ಟರ್ ತೋರುಬೆರಳನ್ನು ಸಮವಸ್ತ್ರದ ಮೇಲೆ ಎಡದಿಂದ ಬಲಕ್ಕೆ ಎಳೆದಳು. ಪ್ರಶ್ನೆಗೆ ಮನಸ್ಸಿನಲ್ಲೇ ಗೆರೆ ಎಳೆಯುತ್ತಿದ್ದಾಳೆ ಎಂದು ಅಕ್ಕನಿಗೆ ಗೊತ್ತಾಯಿತು.

“ಅಲ್ಲ ಸರ್.”

“ಆ ಕೋಣೆಗೆ ಹೋಗ್ತೀರಾ?”

“ದಿನಾ ಹೋಗ್ತೀನಿ ಸರ್.”

“ಅಲ್ಲಿ ಏನು ಮಾಡ್ತೀರಿ?”

“ಓದ್ತೀನಿ ಸರ್.”

ಮೂರು ಪ್ರಶ್ನೆ, ಮೂರು ಉತ್ತರ. ವರ್ಷದ ಹಿಂದಿನ ಸಿಸ್ಟರ್ ಆಗಿದ್ದರೆ ಮೊದಲ ಪ್ರಶ್ನೆಗೇ ಎರಡು ಸಲ ಫೇಲಾದದ್ದು, ಕೊನೆಯ ಅವಕಾಶ, ಅಕ್ಕ ಕಲಿಸಿದ್ದು, ಕೋಣೆ ಮುಚ್ಚಿದರೆ ತಾನು ಮುಳುಗುವುದು ಎಲ್ಲವನ್ನೂ ಒಂದೇ ಉಸಿರಿಗೆ ಸುರಿಯುತ್ತಿದ್ದಳು. ಅಷ್ಟು ಸಾಕಿತ್ತು. ಈಗ ಅವಳು ಬೆನ್ನು ನೆಟ್ಟಗೆ ಮಾಡಿ, ಮುಂದಿನ ಪ್ರಶ್ನೆಗೆ ಕಾಯುತ್ತ ನಿಂತಿದ್ದಳು.

ಅಕ್ಕ ಎದ್ದು ನಿಂತರು. ಅವಳು ಓದುವುದಕ್ಕೆ ಬರುವುದಲ್ಲ, ಅಲ್ಲಿ ತಾವು ಕಲಿಸುವುದು, ಇಷ್ಟು ವರ್ಷ ಅದೇ ನಡೆದದ್ದು ಎಂದು ತಡವರಿಸುತ್ತ ಹೇಳಿದರು. ಅಧ್ಯಕ್ಷರು ಕೇಳಿಸಿಕೊಂಡರು. ಸಾಹೇಬರು ಪೆನ್ನು ಹಿಡಿದು ಅಕ್ಕನ ಮುಖವನ್ನೇ ನೋಡುತ್ತಿದ್ದರು. ಹೇಳಿಬಿಡಿ ಎನ್ನುವಂತೆ ಅವರ ಹುಬ್ಬು ಮೇಲೇರಿತ್ತು.

“ನಿಮ್ಮ ಮಾತು ನಂಬ್ತೀನಮ್ಮ,” ಎಂದರು ಅಧ್ಯಕ್ಷರು. “ಕಲಿಸೋರಾಗಿ ನೀವೇ ಹೇಳಿದ್ರೂ ಬರ್ಕೊಳ್ತೀವಿ. ಇವರು ದುರ್ಬಲ ವಿದ್ಯಾರ್ಥಿನಿ ಅಂತ ಹೇಳ್ತೀರಾ?”

ಸಿಸ್ಟರ್ ಕುತ್ತಿಗೆ ತಿರುಗಿಸಿ ಅಕ್ಕನನ್ನು ನೋಡಿದಳು. ಹೆದರಿಕೆಯಿಂದಲ್ಲ, ಅಕ್ಕ ಏನು ಹೇಳುತ್ತಾರೆಂದು ಅವಳಿಗೆ ಗೊತ್ತಿದ್ದಂತೆ.

ಅಕ್ಕ ಬಾಯಿ ತೆರೆದರು. ಪದ ನಾಲಿಗೆಯ ತುದಿಯಲ್ಲಿತ್ತು. ಆ ಹುಡುಗಿಯ ಒಳಿತಿಗೇ ಅದನ್ನು ಹೇಳಬೇಕಿತ್ತು, ಅದೂ ಅವರಿಗೆ ಗೊತ್ತಿತ್ತು. ಗೋಡೆಯ ಫ್ಯಾನು ಆ ಕಡೆ ತಿರುಗಿ ಈ ಕಡೆ ಬಂತು. ಯಾರೋ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದರು.

“ಇಲ್ಲ,” ಎಂದಿತು ಅವರ ಬಾಯಿ.

ಕೋಣೆ ಗ್ರಂಥಾಲಯದ ಅಡಿಯಲ್ಲೇ ಉಳಿಯುತ್ತದೆ, ಅಕ್ಕನ ಕೆಲಸ ತಿಂಗಳ ಕೊನೆಗೆ ಮುಗಿಯುತ್ತದೆ, ಬೇಕಿದ್ದರೆ ಮುಂದಿನ ವರ್ಷ ಸರಿಯಾದ ಹೆಸರಿನಲ್ಲಿ ಹೊಸದಾಗಿ ಕೇಳಬಹುದು ಎಂದು ತೀರ್ಮಾನವಾಯಿತು. ಸಾಹೇಬರು ಅದನ್ನು ಬರೆದುಕೊಂಡರು. ಸಮಿತಿ ಮುಂದಿನ ವಿಷಯಕ್ಕೆ ಹೋಯಿತು. ಅದು ಸೈಕಲ್ ಸ್ಟ್ಯಾಂಡಿನ ಚಾವಣಿಯದು.

ಹೊರಗೆ ಬಂದ ಅಕ್ಕ ಮುಖ ತೊಳೆಯಲು ಹೋದರು. ನಲ್ಲಿ ಬಿಟ್ಟು, ಕನ್ನಡಿಯಲ್ಲಿ ತಮ್ಮನ್ನೇ ನೋಡುತ್ತ “ದುರ್ಬಲ” ಎಂದರು. ಸಲೀಸಾಗಿ ಬಂತು. ಇನ್ನೊಮ್ಮೆ ಅಂದರು, ಮತ್ತೂ ಸಲೀಸಾಗಿ ಬಂತು. ಅಷ್ಟೊಂದು ಸಣ್ಣ ಪದ. ನೀರು ಹರಿಯುತ್ತಲೇ ಇತ್ತು, ಅವರು ಬೇಸಿನ್ನಿನ ಅಂಚನ್ನು ಎರಡೂ ಕೈಯಿಂದ ಹಿಡಿದು, ಪಕ್ಕದ ಬಾಗಿಲು ತೆರೆಯುವ ಸದ್ದಾಗುವವರೆಗೂ ಹಾಗೇ ನಿಂತಿದ್ದರು.

ಸಿಸ್ಟರ್ ಬೆಂಚಿನ ಹತ್ತಿರ ಕಾಯುತ್ತಿದ್ದಳು. ಒಳಗೆ ಏನು ತೀರ್ಮಾನವಾಯಿತೆಂದು ಅವಳಿಗೆ ಪೂರ್ತಿ ತಲೆಗೆ ಹೋಗಿರಲಿಲ್ಲ. ಅಕ್ಕನ ಉತ್ತರ ಮುಗಿದ ಕೂಡಲೇ ಅವಳನ್ನು ಹೊರಗೆ ಕಳಿಸಿದ್ದರು. ಅವಳ ಮುಖದಲ್ಲಿ ಪರೀಕ್ಷೆ ಚೆನ್ನಾಗಿ ಬರೆದವರ ಹುರುಪಿತ್ತು.

“ಸರಿಯಾಗಿ ಹೇಳಿದ್ನಾ ಅಕ್ಕಾ? ಒಂದು ಮಾತೂ ಜಾಸ್ತಿ ಆಡಲಿಲ್ಲ, ನೋಡಿದ್ರಾ?”

“ನೋಡಿದೆ,” ಎಂದರು ಅಕ್ಕ. “ಸರಿಯಾಗೇ ಹೇಳಿದೆ.”

ಇಬ್ಬರೂ ಗ್ರಂಥಾಲಯದ ಮೆಟ್ಟಿಲ ಬಳಿ ಬಂದರು. ಅಲ್ಲಿ ನಿಂತು ಅಕ್ಕ ಎಲ್ಲವನ್ನೂ ಹೇಳಿದರು, ಒಂದನ್ನು ಬಿಟ್ಟು: ತಾವು ಹೌದು ಅಂದಿದ್ದರೆ ಕೋಣೆ ಉಳಿಯುತ್ತಿತ್ತು ಎಂಬುದನ್ನು. ಸಿಸ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಕೆಟಲಿಗೆ ನೀರು ತುಂಬಿಸಿ ತಂದಳು, ಯಾವ ಪ್ರಶ್ನೆಯಲ್ಲಿ ನಿಲ್ಲಿಸಿದ್ದೆವು ಎಂದು ಕೇಳಿದಳು. ಇಬ್ಬರೂ ಸಂಜೆಯವರೆಗೆ ಕೂತು ಮೂರು ಉತ್ತರ ಮುಗಿಸಿದರು. ಮೂರನೆಯದರಲ್ಲಿ ‘ಹೋಲಿಸಿ’ ಎಂದಿದ್ದಲ್ಲಿ ಸಿಸ್ಟರ್ ವಿವರಿಸಿದ್ದಳು.

ಸೋಮವಾರ ಒಂದನೇ ತಾರೀಕು. ಬೆಳಿಗ್ಗೆ ಉಗ್ರಾಣದವರು ಬರುತ್ತಾರೆ, ಕೀಲಿಯನ್ನು ಅವರ ಕೈಗೆ ಕೊಡಬೇಕು. ಸಿಸ್ಟರ್‌ನ ಪರೀಕ್ಷೆ ಅದಾದ ಮೂರನೇ ವಾರದಲ್ಲಿದೆ.